ಸೀತೆಗೆ ಇಲ್ಲಿ ಯಾರೂ ಬುದ್ಧಿ ಹೇಳಲಿಲ್ಲ

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಬೆಟ್ಟದ ಬುಡದಲ್ಲಿ ಒಂದೇ ಪ್ರಾಕಾರದೊಳಗಿವೆ. ನೊಳಂಬರ ಕಾಲದ ಕಲ್ಲುಕಟ್ಟಡಗಳು. ಸೀತಮ್ಮನ ಗುಡಿ ಮಾತ್ರ ಬೆಟ್ಟದ ಮೇಲೆ. ಅಣ್ಣತಮ್ಮಂದಿರೆಲ್ಲ ಕೆಳಗೆ, ಅವಳು ಮೇಲೆ. ರಾಮ ಕಾಡಿಗೆ ಬಿಟ್ಟಾಗ ತುಂಬು ಬಸುರಿ ಬಂದು ಸೇರಿದ್ದು ಇಲ್ಲಿಗೇ, ವಾಲ್ಮೀಕಿಯ ಆಶ್ರಮವಿದ್ದದ್ದು ಈ ಬಂಡೆಗಳ ನಡುವೆಯೇ, ಲವಕುಶರು ಹುಟ್ಟಿದ್ದೂ ಇಲ್ಲೇ ಎಂದು ಊರು ನಂಬಿದೆ. ಮಕ್ಕಳಿಲ್ಲದ ಹೆಂಗಸರು ಇಲ್ಲಿನ ಧನುಷ್ಕೋಟಿ ಎಂಬ ತೀರ್ಥದ ನೀರಿನಲ್ಲಿ ಮಿಂದು ಅವಳಿಗೆ ಹರಕೆ ಹೊರುತ್ತಾರೆ.

ಹರಕೆಗೆ ಬರುವವರಿಗೆ ಇಂಥದ್ದು ಬೇಕೆಂದು ಗೊತ್ತಿರುತ್ತದೆ. ಏನು ಬೇಕೆಂದೇ ತೋಚದ ದುಃಖವೂ ಒಂದಿದೆ. ಮನೆ, ಕೆಲಸ, ಮಕ್ಕಳು ಎಲ್ಲ ಇದ್ದೂ ಬೆಳಿಗ್ಗೆ ಎದ್ದರೆ ‘ಇದೆಲ್ಲ ಯಾತಕ್ಕೆ’ ಎನ್ನಿಸುವುದು. ಯುದ್ಧ, ಶಾಂತಿಗಳ ಮೇಲೆ ಮಹಾಕಾದಂಬರಿ ಬರೆದು ಲೋಕದ ಮನ್ನಣೆ ಪಡೆದ ಟಾಲ್‌ಸ್ಟಾಯ್‌ಗೂ ಐವತ್ತರ ಹೊತ್ತಿಗೆ ಇದೇ ಪ್ರಶ್ನೆ ಗಂಟುಬಿದ್ದಿತ್ತು. ನಮ್ಮ ಕಡೆ ಇದಕ್ಕೆ ಖಿನ್ನತೆ ಎಂಬ ದೊಡ್ಡ ಹೆಸರೇನೂ ಇಡುವುದಿಲ್ಲ. ‘ಯಾಕೋ ಬೇಜಾರು’, ‘ಒಂಥರಾ ಖಾಲಿ ಖಾಲಿ’ ಎನ್ನುತ್ತಾರೆ, ಅಷ್ಟಕ್ಕೇ ಸುಮ್ಮನಾಗುತ್ತಾರೆ.

ಕೇಳಿದವರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ‘ನಿನಗೇನು ಕಡಿಮೆ ಆಗಿರೋದು?’ ‘ಧೈರ್ಯ ತಗೊ.’ ‘ನಿನಗಿಂತ ಕಷ್ಟದಲ್ಲಿರೋರನ್ನ ನೋಡು.’ ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ, ಒಪ್ಪುತ್ತೇನೆ. ಆದರೆ ಬಳಲಿದವನಿಗೆ ಇದರಿಂದ ಬೇಜಾರಿನ ಜೊತೆಗೆ ನಾಚಿಕೆಯೂ ಅಂಟಿಕೊಳ್ಳುತ್ತದೆ. ಮರುದಿನದಿಂದ ಅವನು ಅದನ್ನೂ ಬಾಯಿಬಿಟ್ಟು ಹೇಳುವುದಿಲ್ಲ.

ಸೀತೆಯ ಕಥೆಯಲ್ಲಿ ಯಾರೂ ಅವಳಿಗೆ ಹೀಗೆ ಬುದ್ಧಿ ಹೇಳದ ಜಾಗವೊಂದು ನನಗೆ ಬಹಳ ಮುಖ್ಯವೆನಿಸಿದೆ. ಉತ್ತರಕಾಂಡದಲ್ಲಿ ಅವಳು ಲಕ್ಷ್ಮಣನೆದುರು ತನಗೆ ಬದುಕೇ ಬೇಡವಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ; ಹೊಟ್ಟೆಯಲ್ಲಿರುವ ಕೂಸಿಗಾಗಿ ಉಳಿದಿದ್ದೇನೆ ಎನ್ನುತ್ತಾಳೆ. ಅಳುತ್ತಿದ್ದವಳನ್ನು ಮೊದಲು ಕಂಡವರು ಆಶ್ರಮದ ಹುಡುಗರು. ಅವರು ಓಡಿಹೋಗಿ ವಾಲ್ಮೀಕಿಗೆ ತಿಳಿಸುತ್ತಾರೆ. ಆತ ಬಂದು ಹೇಳುವುದು ಎರಡೇ ಸಂಗತಿ: ನಿನ್ನಲ್ಲಿ ತಪ್ಪಿಲ್ಲವೆಂದು ಬಲ್ಲೆ, ಇನ್ನು ಇದೇ ನಿನ್ನ ಮನೆ. ಆಮೇಲೆ ಅವಳನ್ನು ತಾಪಸಿಯರ ಕೈಗೆ ಒಪ್ಪಿಸುತ್ತಾನೆ. ರಾಮ ಹೀಗೇಕೆ ಮಾಡಿದನೆಂಬ ವಿವರಣೆಯ ಗೋಜಿಗೆ ಆತ ಹೋಗುವುದಿಲ್ಲ. ಕಥೆಯ ಕೊನೆ ಸುಖಾಂತವಲ್ಲ, ನಿಜ. ಆದರೂ ಪ್ರಶ್ನೆಗೆ ಉತ್ತರ ಸಿಗದೆಯೇ ಅವಳು ಇಬ್ಬರು ಮಕ್ಕಳನ್ನು ಹೆತ್ತು, ಬೆಳೆಸಿದಳು. ಆವನಿಯವರು ಗುಡಿ ಕಟ್ಟಿ ಪೂಜಿಸುತ್ತಿರುವುದು ಆ ಬಾಳನ್ನು.

ಇದೇ ತಾಲ್ಲೂಕಿನ ಇನ್ನೊಬ್ಬರು ‘ಇದೆಲ್ಲ ಯಾತಕ್ಕೆ’ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಬಹಿರಂಗವಾಗಿ ಕೇಳಿದರು. ಮುಳಬಾಗಿಲಿನ ಡಿ.ವಿ. ಗುಂಡಪ್ಪ ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಸೋಡಾ ಫ್ಯಾಕ್ಟರಿಯಲ್ಲಿ, ಜಟಕಾಗಾಡಿಗಳಿಗೆ ಬಣ್ಣ ಹೊಡೆಯುವ ಅಂಗಡಿಯಲ್ಲಿ ದುಡಿದರು. ಚಿಕ್ಕ ವಯಸ್ಸಿನ ಹೆಂಡತಿ ಬೆಂಕಿ ಅವಘಡದಲ್ಲಿ ತೀರಿಕೊಂಡರು; ಮತ್ತೆ ಮದುವೆಯಾಗಲಿಲ್ಲ. 1943ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’ದ 945 ಪದ್ಯಗಳಲ್ಲಿ ಸಮಾಧಾನದ ಪದ್ಯಗಳನ್ನೇ ನಾವು ಮದುವೆ ಕರೆಯೋಲೆಗೂ ಭಾಷಣಕ್ಕೂ ಆರಿಸಿಕೊಳ್ಳುತ್ತೇವೆ. ಆದರೆ ಆ ಪುಸ್ತಕದ ಬಾಗಿಲು ತೆರೆದುಕೊಳ್ಳುವುದು ಸಂಶಯದಿಂದ. ಈ ಬಾಳಿಗೆ ಅರ್ಥವುಂಟೆ ಎಂದು ಮೊದಲ ಪುಟಗಳಲ್ಲೇ ಪ್ರಶ್ನೆ ಮೇಲೆ ಪ್ರಶ್ನೆ. ಅವನ್ನು ಓದಿದಾಗ ನೊಂದವರಿಗೆ ಉತ್ತರಕ್ಕಿಂತ ಮೊದಲು ಒಬ್ಬ ಜೊತೆಗಾರ ಸಿಗುತ್ತಾನೆ. ಕಗ್ಗದ ದೊಡ್ಡ ಉಪಕಾರ ಅದು ಎಂದು ನನಗನ್ನಿಸುತ್ತದೆ.

ಇಲ್ಲಿಗೇ ಮಾತು ನಿಲ್ಲಿಸಿದರೆ ಅನ್ಯಾಯವಾದೀತು. ಕೋಲಾರ ಸೀಮೆಯಲ್ಲಿ ಬೇಜಾರಿಗೆ ಕಾರಣಗಳೂ ಬೇಕಾದಷ್ಟಿವೆ. ಸಾವಿರ ಅಡಿ ಮೀರಿ ಕೊರೆದ ಬೋರ್‌ವೆಲ್‌ನಲ್ಲಿ ಬರೀ ಧೂಳು ಬಂದ ದಿನ, ಟೊಮೆಟೊ ಕ್ರೇಟಿನ ಬೆಲೆ ಕಿತ್ತ ಕೂಲಿಗೂ ಸಾಲದ ದಿನ, 2001ರ ಫೆಬ್ರುವರಿಯಲ್ಲಿ ಚಿನ್ನದ ಗಣಿ ಮುಚ್ಚಿ ಕೆಜಿಎಫ್‌ನ ಸಾವಿರಾರು ಜನ ಕೈಕಟ್ಟಿ ಕೂತ ದಿನಗಳು. ಕೆಲಸ ಹೋದರೆ ಸಂಬಳದ ಜೊತೆಗೆ ‘ನಾನು ಇಂಥವನು’ ಎಂದು ಹೇಳಿಕೊಳ್ಳುವ ಆಸರೆಯೂ ಹೋಗುತ್ತದೆ. ನಿಮ್ಹಾನ್ಸ್ 2015–16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತಲ್ಲ, ಅದಕ್ಕೆ ಮೊದಲು ಪ್ರಾಯೋಗಿಕವಾಗಿ ಮನೆಮನೆ ಸುತ್ತಿದ್ದು ಕೋಲಾರ ಜಿಲ್ಲೆಯಲ್ಲೇ. ದೇಶದಲ್ಲಿ ಇಪ್ಪತ್ತು ಮಂದಿಗೆ ಒಬ್ಬರನ್ನು ಖಿನ್ನತೆ ಕಾಡುತ್ತದೆಂದು ಆ ಸಮೀಕ್ಷೆ ತಿಳಿಸಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರವೂ ಸುಳಿದಿರಲಿಲ್ಲ.

ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಇಷ್ಟದ ಕೆಲಸವೂ ಬೇಡವಾದರೆ, ಸಾವಿನ ಯೋಚನೆ ಸುಳಿದರಂತೂ ಒಂದು ದಿನವೂ ಕಾಯದೆ, ವೈದ್ಯರನ್ನು ಕಾಣಬೇಕು. ಬಾಳಿನ ಅರ್ಥ ಹುಡುಕುವ ಪ್ರಶ್ನೆ ನಿಜವಿದ್ದಂತೆಯೇ ಕಾಯಿಲೆಯೂ ನಿಜವಿರಬಹುದು. ಒಂದಕ್ಕೆ ಮದ್ದು ತೆಗೆದುಕೊಂಡರೆ ಇನ್ನೊಂದಕ್ಕೆ ಅವಮಾನವಿಲ್ಲ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಕ್ಲಿನಿಕ್‌ಗಳು ಶುರುವಾದವು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ ಒಂದು ಮಾತು. ಖಿನ್ನತೆಯ ಮಾತ್ರೆ ನುಂಗಿದ ಮಾರನೆಯ ದಿನ ಏನೂ ಬದಲಾಗುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ‘ಕೆಲಸ ಮಾಡ್ತಿಲ್ಲ’ ಎಂದು ಎಷ್ಟೋ ಜನ ಮಾತ್ರೆ ಬಿಡುವುದು ಆ ನಡುವೆಯೇ. ಅಷ್ಟು ದಿನ ಹೊತ್ತಿಗೆ ಸರಿಯಾಗಿ ತಟ್ಟೆ ಹಾಕಿ ಕರೆಯಿರಿ, ಸಂಜೆ ಹಾಲಿನ ಡೇರಿಗೆ ಹೊರಟಾಗ ಜೊತೆಗೆ ಕರೆದುಕೊಂಡು ಹೋಗಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಬ್ಬರನ್ನೇ ಕಳಿಸಬೇಡಿ.