ಲುಪ್ತಾಕ್ಷರಪೂರಣವೂ ನಿಸ್ತಂತು ಚಿತ್ರಪ್ರಸಾರವೂ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಿಲೆ ಸವೆದು ಅಕ್ಷರಗಳು ಅಳಿದೆಡೆ ಸಂಪಾದಕನಿಗೆ ಒದಗುವ ಕಷ್ಟವು ವಿದ್ವಾಂಸರಿಗೆ ವಿದಿತವೇ ಆಗಿದೆ. ಕಂದಪದ್ಯವೊಂದರ ಯಾವುದಾದರೂ ಪಾದದಲ್ಲಿ ಎರಡನೆಯ ಅಕ್ಷರ ಲುಪ್ತವಾಗಿದ್ದರೆ, ಉಳಿದ ಪಾದಗಳ ಪ್ರಾಸವು ಅದರ ವ್ಯಂಜನವನ್ನು ತಿಳಿಸುವುದು. ಗಣನಿಯಮವು ಅದರ ಮಾತ್ರೆಯನ್ನು ಸೂಚಿಸುವುದು. ಗದ್ಯಭಾಗಕ್ಕೆ ಈ ಆಸರೆಯಿಲ್ಲ. ಕವಿಯು ಪ್ರಾಸವನ್ನಿಟ್ಟುದು ನಷ್ಟಪರಿಹಾರಕ್ಕಾಗಿ ಅಲ್ಲ. ಆದರೂ ಮೊದಲೇ ಇದ್ದ ಕಟ್ಟೊಂದು ಕಳೆದುದನ್ನು ಮರಳಿಸಲು ನೆರವಾಯಿತು.

ಇದೇ ನ್ಯಾಯವನ್ನು ಇಂದಿನ ಚಿತ್ರಪ್ರಸಾರದಲ್ಲಿ ಬುದ್ಧಿಪೂರ್ವಕವಾಗಿ ಅನುಸರಿಸಿರುವರು. ನಂಜನಗೂಡಿನ ಪಂಚಮಹಾರಥೋತ್ಸವವನ್ನು ನರಸೀಪುರದಲ್ಲಿರುವವರು ಅದೇ ಸಮಯದಲ್ಲಿ ಮೊಬೈಲಿನಲ್ಲಿ ನೋಡುವರೆಂದು ಭಾವಿಸೋಣ. ಚಿತ್ರವು ಅಂಕೆಗಳಾಗಿ ಮಾರ್ಪಟ್ಟು, ಪ್ಯಾಕೆಟ್ಟುಗಳೆಂಬ ಸಣ್ಣ ಸಣ್ಣ ತುಂಡುಗಳಾಗಿ ರೇಡಿಯೋ ಅಲೆಗಳ ಮೇಲೆ ಬರುವುದು. ಕಟ್ಟಡಗಳ ಅಡ್ಡಿಯಿಂದಲೂ, ಜಾತ್ರೆಯ ಸಂದಣಿಯಲ್ಲಿ ಬಹುಜನರು ಒಂದೇ ಟವರನ್ನು ಬಳಸುವುದರಿಂದಲೂ ಕೆಲವು ಪ್ಯಾಕೆಟ್ಟುಗಳು ಕಳೆದುಹೋಗಬಹುದು. ಹಿಂದೆ ಚಿತ್ರಿಸಿಟ್ಟುದಾದರೆ ಅವನ್ನು ಪುನಃ ತರಿಸಿಕೊಳ್ಳಲು ಅವಕಾಶವಿರುವುದು; ನೇರಪ್ರಸಾರದಲ್ಲಿ ಅವು ಮರಳಿ ಬರುವಷ್ಟರಲ್ಲಿ ಸಮಯ ಮೀರಿರಬಹುದು.

ಆದುದರಿಂದ ಕಳುಹಿಸುವಾಗಲೇ ಕೆಲವು ಹೆಚ್ಚಿನ ಪ್ಯಾಕೆಟ್ಟುಗಳನ್ನು ಸೇರಿಸುವುದುಂಟು. ಮೂರು ಪ್ಯಾಕೆಟ್ಟುಗಳ ಅಂಕೆಗಳು 4, 7, 6 ಆಗಿರಲಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತವಾದ 17ನ್ನು ಕಳುಹಿಸಿದರೆ, ಎರಡನೆಯದು ನಷ್ಟವಾದರೂ 17ರಿಂದ 4ನ್ನೂ 6ನ್ನೂ ಕಳೆದು 7ನ್ನು ಪಡೆಯಬಹುದು. ಎರಡು ನಷ್ಟವಾದರೆ ಒಂದು ಮೊತ್ತ ಸಾಲದು. ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಧಾನವನ್ನು ಅನುಸರಿಸಿದರೆ, ಎಷ್ಟು ಪ್ಯಾಕೆಟ್ಟುಗಳನ್ನು ಹೆಚ್ಚಾಗಿ ಸೇರಿಸುವರೋ ಅಷ್ಟರ ನಷ್ಟವನ್ನು ತುಂಬಿಕೊಳ್ಳಬಹುದು. ಇದಕ್ಕೆ ಬೆಲೆಯೂ ಉಂಟು: ರಕ್ಷಣೆ ಹೆಚ್ಚಿದಷ್ಟೂ ಚಿತ್ರಕ್ಕೆ ಉಳಿಯುವ ಎಡೆ ಕಡಿಮೆಯಾಗುವುದು. ಆದಕಾರಣ, ಮುಂದಿನ ಚಿತ್ರಗಳಿಗೆ ಆಧಾರವಾದ ಪೂರ್ಣಚಿತ್ರಗಳಿಗೆ ಹೆಚ್ಚು ರಕ್ಷಣೆಯನ್ನೂ, ವ್ಯತ್ಯಾಸಮಾತ್ರವನ್ನು ತಿಳಿಸುವವುಗಳಿಗೆ ಕಡಿಮೆ ರಕ್ಷಣೆಯನ್ನೂ ಕೊಡುವ ಕ್ರಮವುಂಟು.

ಇಷ್ಟಾದರೂ ತುಂಬದ ಬಿರುಕನ್ನು ಯಂತ್ರವು ಹಿಂದಿನ ಚಿತ್ರದ ಅಂಶದಿಂದ ಮುಚ್ಚಬಹುದು. ಇದು ಪುನಃಪ್ರಾಪ್ತಿಯಲ್ಲ, ಊಹೆ. ಮೊತ್ತದಿಂದ ದೊರೆತ 7 ಕಳುಹಿಸಿದ ಅಂಕೆಯೇ ಸರಿ. ಊಹೆಯಿಂದ ಮುಚ್ಚಿದ ಎಡೆಯಾದರೋ ನೋಟಕ್ಕೆ ಹಿತವಾದುದು ಮಾತ್ರ. ಶಾಸನಸಂಪಾದಕನು ತಾನು ಊಹಿಸಿದ ಅಕ್ಷರಗಳನ್ನು ಕಂಸದೊಳಗಿಟ್ಟು ಓದುಗನನ್ನು ಎಚ್ಚರಿಸುವನು. ಮೊಬೈಲಿನ ತೆರೆಯ ಮೇಲೆ ಅಂತಹ ಕಂಸವಿಲ್ಲ. ಉತ್ಸವದ ಆಚಾರಗಳಿಗೆ ಚಿತ್ರವನ್ನು ಪ್ರಮಾಣವಾಗಿ ಹಿಡಿಯುವವರು ಬಂದು ಸೇರಿದ ಪ್ರತಿಯನ್ನು ನಂಬದೆ, ಕ್ಯಾಮರಾದಲ್ಲಿ ಉಳಿದ ಮೂಲವನ್ನೇ ಸಂರಕ್ಷಿಸತಕ್ಕದ್ದು.