ಹಳದಿಗೆ ನೀಲಿ ಬೆರೆತರೆ?

ಹಳದಿಗೆ ನೀಲಿಯನ್ನು ಬೆರೆಸಿದರೆ ಯಾವ ಬಣ್ಣ ಬರುತ್ತದೆ? ಈ ಪ್ರಶ್ನೆಯನ್ನು ಕೇಳಿದೊಡನೆ ನಮ್ಮ ವಾಚಕರೆಲ್ಲರೂ ‘ಹಸಿರು’ ಎಂದೇ ಉತ್ತರಿಸುವರು. ಶಿಕ್ಷಕರ ತರಬೇತಿಯನ್ನು ಮುಗಿಸಿ ಬಂದಂದಿನಿಂದ ನಾವೂ ಮಕ್ಕಳಿಗೆ ಅದನ್ನೇ ಹೇಳುತ್ತ ಬಂದೆವು. ಆದರೆ ಏಳನೆಯ ತರಗತಿಯ ಬಾಲಕನೊಬ್ಬನು ಕಿರುಪರೀಕ್ಷೆಯಲ್ಲಿ ಈ ಪ್ರಶ್ನೆಗೆ ‘ಬೂದಿ ಬಣ್ಣ’ ಎಂದು ಬರೆದನು. ನಾವು ಕೆಂಪು ಮಸಿಯಿಂದ ತಪ್ಪು ಗುರುತು ಹಾಕಿ, ಉತ್ತರವನ್ನು ತರಗತಿಯಲ್ಲಿ ಓದಿಯೂ ಹೇಳಿದೆವು. ಮಕ್ಕಳು ನಕ್ಕರು, ನಾವೂ ನಕ್ಕೆವು.

“ಸರ್, ಅಣ್ಣನ ಮೊಬೈಲಿನಾಗ ಹಂಗೇ ಬರ್ತದ್ರೀ,” ಎಂದನು ಬಾಲಕ. “ಮೊಬೈಲು ನಿನಗೆ ಗುರುವೋ, ನಾವೋ?” ಎಂದು ಗದರಿಸಿ ಕೂರಿಸಿದೆವು. ಆ ವಾರವೆಲ್ಲ ಅವನು ಯಾವ ಪ್ರಶ್ನೆಗೂ ಕೈ ಎತ್ತಲಿಲ್ಲ. ಇದು ನಮ್ಮ ಮನಸ್ಸಿಗೆ ಮುಳ್ಳಾಗಿ ಚುಚ್ಚಿತು.

ನಮ್ಮ ಬೊಮ್ರಾಸಪೇಟ್ ಕೊಡಂಗಲ್ ಸೀಮೆಗೆ ಸೇರಿದ ಊರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಈ ಸೀಮೆ ಇಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಇಲ್ಲಿ ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು ಮಾತು. ತೆಲುಗಿನಲ್ಲಿ ‘ಪಚ್ಚ’ ಎಂದರೆ ಹಸಿರೂ ಹೌದು, ಹಳದಿಯೂ ಹೌದು. ಕನ್ನಡದಲ್ಲಿ ಹಸಿರೇ ಬೇರೆ, ಹಳದಿಯೇ ಬೇರೆ. ಒಂದು ಬಣ್ಣದ ಹೆಸರು ಮನೆಯ ಹೊಸಿಲು ದಾಟಿದೊಡನೆ ಬದಲಾಗಬಲ್ಲುದೆಂದು ಬಲ್ಲ ನಾವು, ಹುಡುಗನ ಉತ್ತರಕ್ಕೂ ಅವನದೇ ಆದ ಆಧಾರವಿರಬಹುದೆಂದು ಯೋಚಿಸದೆ ಹೋದೆವು.

ಭಾನುವಾರ ಅವನ ಮನೆಗೆ ಹೋದೆವು. ತಾಂಡೂರಿನಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸದಲ್ಲಿರುವ ಅವನ ಅಣ್ಣ ರಜೆಗೆ ಬಂದಿದ್ದನು. ಅವನ ಮೊಬೈಲಿನಲ್ಲಿ ಬಣ್ಣ ಬೆರೆಸುವ ಒಂದು ಆಟವಿತ್ತು. ದಿನಕ್ಕೆ ಒಂದೇ ಒಗಟು. ಒಂದು ಚೌಕದಲ್ಲಿ ಗುರಿಯ ಬಣ್ಣ ಕಾಣುತ್ತದೆ. ಕೆಳಗಿನ ಸಾಲಿನಿಂದ ತಕ್ಕ ಬಣ್ಣಗಳನ್ನು ಆರಿಸಿ, ತಕ್ಕ ಪಾಲಿನಲ್ಲಿ ಬೆರೆಸಿ ಅದನ್ನು ಮುಟ್ಟಬೇಕು. ಪ್ರಯತ್ನಗಳಿಗೆ ಮಿತಿಯುಂಟು. ಸೋತವನು ಮರುದಿನದವರೆಗೆ ಕಾಯಬೇಕು. ಜಾಷ್ ವಾರ್ಡಲ್ ಎಂಬವರು 2021ರಲ್ಲಿ ‘ವರ್ಡಲ್’ ಎಂಬ ಪದದಾಟವನ್ನು ಹೊರತಂದರು. 2022ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅದನ್ನು ಕೊಂಡಿತು. ಆ ಬಳಿಕ ದಿನಕ್ಕೊಂದರಂತೆ ಬರುವ ಒಗಟುಗಳು ಜಗತ್ತಿನಲ್ಲೆಲ್ಲ ಹಬ್ಬಿದವು. ಬಣ್ಣದ ಆಟಗಳೂ ಅದೇ ಬಳ್ಳಿಯ ಕುಡಿಗಳು.

ಬಾಲಕನು ಹಳದಿ ನೀಲಿಗಳನ್ನು ಸಮಪಾಲಿನಲ್ಲಿ ಬೆರೆಸಿ ತೋರಿಸಿದನು. ಬಂದದ್ದು ಬೂದಿ ಬಣ್ಣವೇ! ನಾವು ಬೆರಗಾದೆವು.

ಇದರ ಗುಟ್ಟೇನು? ಮೊಬೈಲಿನ ಪರದೆಯ ಮೇಲೆ ಒಂದು ಸಣ್ಣ ಹನಿ ನೀರನ್ನಿಟ್ಟು ನೋಡಿರಿ. ಹನಿಯು ಭೂತಗನ್ನಡಿಯಂತಾಗಿ, ಬೆಳ್ಳಗೆ ಕಾಣುವ ಎಡೆಯಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ಪರದೆಯ ಬಣ್ಣಗಳೆಲ್ಲ ಈ ಮೂರು ಬೆಳಕುಗಳ ಬೆರಕೆ. ಪ್ರತಿಯೊಂದು ಬೆಳಕಿಗೂ 0ಯಿಂದ 255ರವರೆಗೆ ಒಂದು ಅಂಕಿ. ಹೀಗೆ ಒಟ್ಟು 1,67,77,216 ಬಣ್ಣಗಳಾಗುತ್ತವೆ. ಹಳದಿ ಎಂದರೆ ಕೆಂಪು 255, ಹಸಿರು 255, ನೀಲಿ ಸೊನ್ನೆ. ನೀಲಿ ಎಂದರೆ ನೀಲಿ 255, ಉಳಿದೆರಡೂ ಸೊನ್ನೆ. ಇವೆರಡರ ಸರಾಸರಿ ತೆಗೆದರೆ ಮೂರೂ ಸುಮಾರು 128 ಆಗುತ್ತವೆ. ಮೂರು ಬೆಳಕುಗಳು ಸಮನಾಗಿ ಪೂರ್ಣವಾಗಿದ್ದರೆ ಬಿಳಿ, ಸಮನಾಗಿ ಅರ್ಧವಿದ್ದರೆ ಬೂದಿ. ಬೂದಿಯೆಂಬುದು ಮಂಕಾದ ಬಿಳಿಯಲ್ಲದೆ ಬೇರೆಯಲ್ಲ. ಲೆಕ್ಕ ಹೀಗಿರುವಾಗ ಹುಡುಗನಲ್ಲಿ ತಪ್ಪೆಲ್ಲಿ?

ಹಾಗಾದರೆ ಬಣ್ಣದ ಪೆಟ್ಟಿಗೆಯ ಹಸಿರು ಸುಳ್ಳೇ? ಅದೂ ಸುಳ್ಳಲ್ಲ. ಹಳದಿ ಪುಡಿಯು ತನ್ನ ಮೇಲೆ ಬಿದ್ದ ಬಿಳಿ ಬೆಳಕಿನಲ್ಲಿ ನೀಲಿಯನ್ನು ನುಂಗಿ, ಕೆಂಪು ಹಸಿರುಗಳನ್ನು ಹಿಂದಿರುಗಿಸುತ್ತದೆ. ನೀಲಿ ಪುಡಿಯು ಕೆಂಪನ್ನು ನುಂಗಿ, ನೀಲಿಯೊಡನೆ ಸ್ವಲ್ಪ ಹಸಿರನ್ನೂ ಹಿಂದಿರುಗಿಸುತ್ತದೆ. ಎರಡೂ ಕೂಡಿದಾಗ ಇಬ್ಬರ ಬಾಯಿಂದಲೂ ತಪ್ಪಿಸಿಕೊಂಡು ಉಳಿಯುವುದು ಹಸಿರೊಂದೇ. ಬೆಳಕಿನ ಬೆರಕೆ ಕೂಡಿಸುವ ಲೆಕ್ಕ. ಪುಡಿಯ ಬೆರಕೆ ಕಳೆಯುವ ಲೆಕ್ಕ. ಈ ಭೇದವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1852ರಲ್ಲಿಯೇ ವಿವರಿಸಿದ್ದರು. ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ 1855ರಲ್ಲಿ, ತಿರುಗುವ ಬುಗುರಿಯ ಮೇಲೆ ಬಣ್ಣದ ಕಾಗದಗಳನ್ನಿಟ್ಟು ಇದನ್ನೇ ಪರೀಕ್ಷಿಸಿದರು. ನಮ್ಮ ಸಿ. ವಿ. ರಾಮನ್ನರಂತೂ ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆಂಬುದನ್ನು ಇಳಿವಯಸ್ಸಿನಲ್ಲಿ ಅಭ್ಯಸಿಸಿ, 1968ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಆಗ ಅವರಿಗೆ ಎಂಬತ್ತು. ಕಲಿಯಲು ಐವತ್ತು ದಾಟಿದ ನಮಗೇಕೆ ನಾಚಿಕೆ?

ಸೋಮವಾರ ತರಗತಿಯಲ್ಲಿ ಆ ಬಾಲಕನನ್ನೇ ಮುಂದೆ ಕರೆದೆವು. ರಟ್ಟಿನ ಬಿಲ್ಲೆಯ ಅರ್ಧಕ್ಕೆ ಹಳದಿ, ಅರ್ಧಕ್ಕೆ ನೀಲಿ ಕಾಗದವನ್ನು ಅಂಟಿಸಿ, ಬುಗುರಿಯ ತಲೆಗೆ ಕೂರಿಸಿ ತಿರುಗಿಸೆಂದೆವು. ವೇಗ ಹೆಚ್ಚಿದಂತೆ ಹಳದಿಯೂ ಮಾಯವಾಯಿತು, ನೀಲಿಯೂ ಮಾಯವಾಯಿತು. ಹಸಿರು ಮಾತ್ರ ಬರಲೇ ಇಲ್ಲ. ಮಾಸಲು ಬೂದಿ ಬಣ್ಣವೊಂದು ಸುತ್ತತೊಡಗಿತು. ನಕ್ಕಿದ್ದ ಮಕ್ಕಳೆಲ್ಲ “ಹೋ!” ಎಂದರು. ಬಳಿಕ ಅದೇ ಮಕ್ಕಳು ತಟ್ಟೆಯಲ್ಲಿ ಬಣ್ಣ ಕಲಸಿ ಹಸಿರನ್ನೂ ಮಾಡಿದರು. ತರಬೇತಿಯ ದಿನಗಳಲ್ಲಿ ನ್ಯೂಟನ್ನನ ಏಳು ಬಣ್ಣದ ಚಕ್ರವನ್ನು ನಾವೂ ತಿರುಗಿಸಿದ್ದುಂಟು. ಅದು ಬೆಳ್ಳಗಾಗದೆ ಬೂದಿಯಾಗಿಯೇ ಕಂಡಿತ್ತು. ಪುಸ್ತಕದಲ್ಲಿ ‘ಬಿಳಿ’ ಎಂದಿದ್ದುದರಿಂದ ಕಣ್ಣನ್ನು ನಂಬದೆ ಪುಸ್ತಕವನ್ನು ನಂಬಿದ್ದೆವು.

ಮನೆಯ ತಾಯಂದಿರಿಗೆ ಮೂರನೆಯ ಬೆರಕೆಯೊಂದೂ ಗೊತ್ತು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದೆ. ಹಳದಿಗೆ ಬಿಳಿ ಕೂಡಿ ಕೆಂಪಾಗುವುದು ಯಾವ ಆಟದ ಲೆಕ್ಕಕ್ಕೂ ನಿಲುಕದು. ಅಲ್ಲಿ ಬಣ್ಣ ಬರಿದೆ ಬೆರೆಯುವುದಿಲ್ಲ. ಸುಣ್ಣದ ಕ್ಷಾರದಿಂದ ಅರಿಶಿನದ ವಸ್ತುವೇ ಮಾರ್ಪಡುತ್ತದೆ. ಆದುದರಿಂದ ‘ಏನು ಬೆರೆಸಿದೆ?’ ಎಂದು ಕೇಳಿದರೆ ಸಾಲದು, ‘ಎಲ್ಲಿ, ಹೇಗೆ ಬೆರೆಸಿದೆ?’ ಎಂದೂ ಕೇಳಬೇಕು.

ದಿನವಿಡೀ ಮೊಬೈಲು ಹಿಡಿದು ಕೂರುವ ಮಕ್ಕಳನ್ನು ನಾವು ಮೆಚ್ಚುವವರಲ್ಲ. ದಿನಕ್ಕೊಂದೇ ಒಗಟು ಕೊಟ್ಟು ಸಾಕೆನ್ನುವ ಆಟವಾದರೆ ತಂದೆತಾಯಿಗಳು ಪಕ್ಕದಲ್ಲಿ ಕುಳಿತು ಒಮ್ಮೆ ನೋಡಲಿ. ಹುಡುಗನು ಕಂಡುದನ್ನು ಕೇಳಲಿ. ಗದರುವುದಕ್ಕೆ ಮುಂಚೆ ಒಂದು ಬುಗುರಿ ತಿರುಗಿಸಿ ನೋಡಲಿ.

ಆ ಉತ್ತರಪತ್ರಿಕೆಯನ್ನು ಮರಳಿ ತರಿಸಿಕೊಂಡು ನಮ್ಮ ತಪ್ಪು ಗುರುತನ್ನು ಹೊಡೆದುಹಾಕಿದೆವು. ಪೂರ್ಣ ಅಂಕವನ್ನಿತ್ತು, ‘ಪ್ರಶ್ನೆಯೇ ಅಪೂರ್ಣವಾಗಿತ್ತು’ ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದೆವು. ಮರುದಿನ ನಾವು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.