ಸಾಗರ ದಾಟುವಷ್ಟರಲ್ಲಿ ಹಳಸಿದ ಸುದ್ದಿ

1760ರ ದಶಕದ ಕೊನೆಯಲ್ಲಿ ಲಂಡನ್ನಿನ ಅಧಿಕಾರಿಗಳಿಗೆ ಒಂದು ದೂರು ಬಂತು. ಇಂಗ್ಲೆಂಡಿನ ಫಾಲ್ಮತ್‌ನಿಂದ ನ್ಯೂಯಾರ್ಕಿಗೆ ಹೊರಟ ಸರ್ಕಾರಿ ಅಂಚೆ ಹಡಗುಗಳು ವ್ಯಾಪಾರಿ ಹಡಗುಗಳಿಗಿಂತ ಸುಮಾರು ಎರಡು ವಾರ ತಡವಾಗಿ ಅಮೆರಿಕ ಮುಟ್ಟುತ್ತಿದ್ದವು. ಅಮೆರಿಕದ ಬ್ರಿಟಿಷ್ ವಸಾಹತುಗಳ ಅಂಚೆಯ ಹೊಣೆ ಹೊತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್, ನಾಂಟುಕೆಟ್‌ನ ನಾವಿಕನಾಗಿದ್ದ ತನ್ನ ಬಂಧು ತಿಮೊಥಿ ಫೋಲ್ಜರ್‌ನನ್ನು ವಿಚಾರಿಸಿದ. ಉತ್ತರ ಸರಳವಾಗಿತ್ತು: ಅಂಚೆ ಹಡಗುಗಳು ಗಲ್ಫ್ ಪ್ರವಾಹಕ್ಕೆ ಎದುರಾಗಿ ಸಾಗುತ್ತಿದ್ದವು. ಅದನ್ನು ಬಲ್ಲ ಅಲ್ಲಿನ ತಿಮಿಂಗಿಲ ಬೇಟೆಗಾರರು ಎಚ್ಚರಿಸಿದರೂ ಇಂಗ್ಲಿಷ್ ಕಪ್ತಾನರು ಕಿವಿಗೊಡುತ್ತಿರಲಿಲ್ಲ. ಫೋಲ್ಜರ್ ಗುರುತಿಸಿಕೊಟ್ಟ ಪ್ರವಾಹವನ್ನು ಫ್ರಾಂಕ್ಲಿನ್ ನಕ್ಷೆಯಾಗಿ ಅಚ್ಚು ಹಾಕಿಸಿದ.

ಫ್ಲಾರಿಡಾದ ಬಳಿಯಿಂದ ಈಶಾನ್ಯಕ್ಕೆ ಹರಿಯುವ ಈ ಬೆಚ್ಚನೆಯ ಪ್ರವಾಹದ ವೇಗ ಕೆಲವೆಡೆ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ. ಇಂಗ್ಲೆಂಡಿನ ಹಡಗುಗಳು ಸಾಗುವ ಅಕ್ಷಾಂಶಗಳಲ್ಲಿ ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದಲೇ ಬೀಸುತ್ತದೆ. ಹಾಗಾಗಿ ಅಮೆರಿಕದಿಂದ ಇಂಗ್ಲೆಂಡಿಗೆ ಸುದ್ದಿ ಸುಮಾರು ಒಂದು ತಿಂಗಳಲ್ಲಿ ಹೋಗುತ್ತಿತ್ತು. ಇಂಗ್ಲೆಂಡಿನ ಆದೇಶ ಅಮೆರಿಕಕ್ಕೆ ಬರಲು ಆರು ವಾರವೋ ಎರಡು ತಿಂಗಳೋ ಬೇಕಾಗುತ್ತಿತ್ತು.

ಕ್ರಿಯೆಗೂ ಅದರ ಫಲ ತಿಳಿಯುವುದಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ವ್ಯವಸ್ಥೆ ಹೊಯ್ದಾಡುತ್ತದೆ ಎನ್ನುತ್ತದೆ ನಿಯಂತ್ರಣ ವಿಜ್ಞಾನ. ತಾರಸಿಯ ಸೋಲಾರ್‌ನಿಂದ ಬಚ್ಚಲಿಗೆ ಬಿಸಿನೀರು ಬರುವುದು ತಡವಾದರೆ ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತೇವೆ, ಆಮೇಲೆ ಕೈ ಸುಟ್ಟುಕೊಳ್ಳುತ್ತೇವೆ. ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಆದದ್ದು ಇದೇ.

1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಬ್ರಿಟಿಷ್ ತೆರಿಗೆಯನ್ನು ವಿರೋಧಿಸಿದವರು 342 ಪೆಟ್ಟಿಗೆ ಚಹಾವನ್ನು ನೀರುಪಾಲು ಮಾಡಿದರು. ಸುದ್ದಿ ಲಂಡನ್ ತಲುಪಿದ್ದು ಜನವರಿಯಲ್ಲಿ. ಮಾರ್ಚ್‌ನಲ್ಲಿ ಸಂಸತ್ತು ಬಂದರನ್ನೇ ಮುಚ್ಚುವ ಕಾಯ್ದೆ ಮಾಡಿತು. ಅದು ಬಾಸ್ಟನ್ನಿಗೆ ತಿಳಿದದ್ದು ಮೇ ತಿಂಗಳಲ್ಲಿ. ಒಂದು ರಾತ್ರಿಯ ಕೃತ್ಯಕ್ಕೆ ಐದು ತಿಂಗಳ ನಂತರ ಇಡೀ ಊರಿಗೆ ಶಿಕ್ಷೆ ಬಂದಾಗ, ಚಹಾ ಸುರಿದದ್ದನ್ನು ಮೆಚ್ಚದವರೂ ಬಾಸ್ಟನ್ ಪರ ನಿಂತರು.

ವಸಾಹತುಗಳ ಒಳಗೆ ಮಾತ್ರ ಸುದ್ದಿ ಚುರುಕಾಗಿತ್ತು. 1772ರಲ್ಲಿ ಬಾಸ್ಟನ್ ಪತ್ರವ್ಯವಹಾರ ಸಮಿತಿಯೊಂದನ್ನು ಕಟ್ಟಿತ್ತು. ಊರೂರುಗಳಲ್ಲಿ ಅಂಥವೇ ಹುಟ್ಟಿಕೊಂಡವು. ಕುದುರೆ ಸವಾರರು ವಾರಗಳಲ್ಲೇ ಪತ್ರ ಮುಟ್ಟಿಸುತ್ತಿದ್ದರು. 1774ರ ಸೆಪ್ಟೆಂಬರ್‌ನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು.

1775ರ ಏಪ್ರಿಲ್‌ನಲ್ಲಿ ಬಾಸ್ಟನ್ ಬಳಿಯ ಲೆಕ್ಸಿಂಗ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರಿಗೂ ವಸಾಹತಿನವರಿಗೂ ನಡುವೆ ಗುಂಡು ಹಾರಿತು. ಆಗಲೂ ವಸಾಹತುಗಳ ಹೆಚ್ಚಿನವರು ಸ್ವಾತಂತ್ರ್ಯ ಕೇಳಿರಲಿಲ್ಲ. ಜುಲೈನಲ್ಲಿ ಅವರ ಪ್ರತಿನಿಧಿಗಳ ಸಭೆ ರಾಜ ಮೂರನೇ ಜಾರ್ಜ್‌ಗೆ ಸಂಧಾನದ ಮನವಿ ಕಳಿಸಿತು. ಅದು ತಲುಪುವ ಮೊದಲೇ ಬಾಸ್ಟನ್ ಬಳಿ ನಡೆದಿದ್ದ ಬಂಕರ್ ಹಿಲ್ ಕದನದ ಸುದ್ದಿ ಲಂಡನ್ ಸೇರಿತ್ತು. ರಾಜ ಮನವಿಯನ್ನು ಸ್ವೀಕರಿಸಲಿಲ್ಲ. ಆಗಸ್ಟ್ 23ರಂದು ವಸಾಹತುಗಳು ದಂಗೆ ಎದ್ದಿವೆಯೆಂದು ಸಾರಿದ. ಮರು ವರ್ಷದ ಜನವರಿಯಲ್ಲಿ ಲೇಖಕ ಥಾಮಸ್ ಪೇನ್ ತನ್ನ ಕಿರುಹೊತ್ತಗೆಯಲ್ಲಿ ರಾಜನನ್ನೇ ತೊರೆಯಬೇಕೆಂದು ವಾದಿಸಿದ. ಜುಲೈ 4ರಂದು ಸ್ವಾತಂತ್ರ್ಯದ ಘೋಷಣೆ ಅಂಗೀಕಾರವಾಯಿತು.

ಹಾಗಾದರೆ ಸುದ್ದಿ ಬೇಗ ತಲುಪಿದ್ದರೆ ಸಾಮ್ರಾಜ್ಯ ಉಳಿಯುತ್ತಿತ್ತೇ? 1870ರಲ್ಲಿ ಸಮುದ್ರದಡಿಯ ತಂತಿ ಲಂಡನ್ನನ್ನು ಮುಂಬಯಿಗೆ ಬೆಸೆಯಿತು. ಸುದ್ದಿಯ ವಿಳಂಬ ಗಂಟೆಗಳಿಗಿಳಿದ ಮೇಲೆಯೇ ಭಾರತದ ಕಾಂಗ್ರೆಸ್ ಹುಟ್ಟಿತು, ಚಳವಳಿಗಳು ಬೆಳೆದವು. ಅಟ್ಲಾಂಟಿಕ್‌ನ ಗಾಳಿ, ಪ್ರವಾಹಗಳು ಜಗಳವನ್ನು ಉಲ್ಬಣಿಸಿದವು. ಅದನ್ನು ಹುಟ್ಟಿಸಿದ್ದು, ತಮ್ಮ ಪ್ರತಿನಿಧಿಯೇ ಇಲ್ಲದ ಸಂಸತ್ತು ತಮಗೆ ತೆರಿಗೆ ಹಾಕಬಹುದೇ ಎಂಬ ಪ್ರಶ್ನೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಲಂಡನ್ನಿನ ಯಾವ ಹಡಗಿನಲ್ಲೂ ಹೊರಟಿರಲಿಲ್ಲ.